ಗುಂಡಿ ಒತ್ತದೆಯೂ ಕೇಳಬೇಕು

ನನ್ನ ಗಂಡ ಬೈಕಿನ ಸಮೇತ ರಾಗಿ ಹೊಲಕ್ಕೆ ಇಳಿದಾಗ ದೊಡ್ಡಬಳ್ಳಾಪುರ ಸೇರಲು ಇನ್ನೊಂದೇ ತಿರುವು ಬಾಕಿಯಿತ್ತು. ಹಾಡಹಗಲು. ಎದುರಿಗೆ ಲಾರಿ ಬಂದಿರಲಿಲ್ಲ, ನಾಯಿ ಅಡ್ಡ ಬಂದಿರಲಿಲ್ಲ. ರಸ್ತೆ ಎಡಕ್ಕೆ ತಿರುಗಿತು, ಅವರು ತಿರುಗಲಿಲ್ಲ, ಅಷ್ಟೇ. ಪೈರು ಮೊಣಕಾಲುದ್ದ ಬೆಳೆದಿತ್ತು, ನೆಲ ಮೆತ್ತಗಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಮೈಗೆ ಏನೂ ಆಗಲಿಲ್ಲ.

ಅವರು ಮಗ್ಗ ರಿಪೇರಿ ಮಾಡುವವರು. ನಮ್ಮೂರಿನಲ್ಲಿ ಮಗ್ಗದ ಶೆಡ್ಡುಗಳಿಗೆ ಕೊರತೆಯಿಲ್ಲ. ಎಲ್ಲಿ ಮಗ್ಗ ನಿಂತರೂ ಇವರಿಗೆ ಫೋನು ಬರುತ್ತದೆ, ಹಿಂದಿನ ಸೀಟಿಗೆ ಟೂಲ್ಸ್ ಪೆಟ್ಟಿಗೆ ಬಿಗಿದುಕೊಂಡು ಹೊರಟುಬಿಡುತ್ತಾರೆ. ಆವತ್ತೂ ಹಾಗೇ ಒಂದು ಶೆಡ್ಡಿನಿಂದ ವಾಪಸು ಬರುತ್ತಿದ್ದರು. ನಾನು ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದೆ. ಆ ಶೆಡ್ಡಿನ ಮಾಲೀಕರೇ ಫೋನ್ ಮಾಡಿ, ಗಾಬರಿ ಆಗಬೇಡಿ ಅಂತಲೇ ಶುರುಮಾಡಿದರು.

ನಾನು ಹೋಗುವಷ್ಟರಲ್ಲಿ ಜನ ಸೇರಿದ್ದರು. ಇವರು ಬದುವಿನ ಮೇಲೆ ಕುಳಿತಿದ್ದರು. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ನನ್ನನ್ನು ನೋಡಿ ಏನೋ ಹೇಳಿದರು, ನಾಲಿಗೆ ಹೊರಳಲಿಲ್ಲ. ಪಕ್ಕದಲ್ಲಿ ನಿಂತವನೊಬ್ಬ, "ಬೆಳಿಗ್ಗೆ ಬೆಳಿಗ್ಗೇನೇ ಏರ್ಸ್ಕೊಂಡವ್ನೆ" ಅಂದ. ಮತ್ತೊಬ್ಬ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಮದುವೆ ಮನೆಗಳಲ್ಲೂ ಒಂದು ಗುಟುಕು ಮುಟ್ಟದ ಮನುಷ್ಯ ನನ್ನ ಗಂಡ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಡಾಕ್ಟರು ಯಾವಾಗಲೂ ಇಟ್ಟುಕೊಂಡಿರಿ ಅಂದಿದ್ದ ಗ್ಲೂಕೋಸ್ ಪುಡಿಯ ಪೊಟ್ಟಣವನ್ನು ಅವರ ಜೇಬಿನಿಂದ ತೆಗೆದು, ಹಲ್ಲಿನಿಂದ ಹರಿದು ಬಾಯಿಗೆ ಹಾಕಿದೆ. ಅವರಿಗೆ ಶುಗರು ಬಂದು ವರ್ಷಗಳಾಗಿದ್ದವು, ಇನ್ಸುಲಿನ್ ಶುರುವಾಗಿ ಕೆಲವು ತಿಂಗಳಾಗಿತ್ತು. ಶುಗರು ಏರುವುದಕ್ಕೆ ಹೆದರುತ್ತಿದ್ದ ನಾವು ಇಳಿಯುವುದಕ್ಕೆ ಹೆದರಬೇಕು ಅನ್ನುವುದನ್ನು ಆವತ್ತು ಕಲಿತೆವು.

ಡಾಕ್ಟರು ಕೆಲಕಾಲ ಬೈಕು ಮುಟ್ಟಲೇಬೇಡಿ ಅಂದರು. ಔಷಧದ ಅಳತೆ ಸರಿಮಾಡಿ, ಮತ್ತೆ ಪರೀಕ್ಷೆ ಮಾಡಿ, ಕೊನೆಗೆ ಅನುಮತಿ ಕೊಟ್ಟರು. ಹೊರಡುವ ಮುಂಚೆ ಬೆರಳು ಚುಚ್ಚಿ ನೋಡಿಕೊಳ್ಳಬೇಕು, ಹೊಟ್ಟೆ ಖಾಲಿ ಇರಬಾರದು, ದೂರದ ದಾರಿಗೆ ಒಬ್ಬರೇ ಹೋಗಬಾರದು. ಮೊದಲೆರಡಕ್ಕೆ ಇವರು ತಲೆಯಾಡಿಸಿದರು. ಮೂರನೆಯದಕ್ಕೆ ಕಿಟಕಿಯ ಆಚೆ ನೋಡಿದರು.

ಊರೊಳಗಿನ ಶೆಡ್ಡುಗಳದು ನನಗೆ ಅಷ್ಟು ಚಿಂತೆಯಿರಲಿಲ್ಲ. ಚಿಂತೆಯಿದ್ದದ್ದು ಭಾನುವಾರದ ದಾರಿಯದು. ಸೂಲಿಬೆಲೆಯ ಹತ್ತಿರ ಇವರ ಅಕ್ಕನ ಮನೆಯಿದೆ, ಅಲ್ಲಿ ಇಬ್ಬರಿಗೂ ಸೇರಿದ ಒಂದು ದ್ರಾಕ್ಷಿ ತೋಟವಿದೆ. ಪ್ರತಿ ಭಾನುವಾರ ಇವರು ಹೋಗಲೇಬೇಕು. ದೇವನಹಳ್ಳಿ ದಾಟಿ ಹೊಸಕೋಟೆಯ ಕಡೆಗೆ ಹೋಗುವ ಆ ರಸ್ತೆಯಲ್ಲಿ ಕಂಟೇನರ್ ಲಾರಿ, ಟಿಪ್ಪರು, ಕಾರು ಒಂದರ ಹಿಂದೆ ಒಂದು. ಬಸ್ಸಿನಲ್ಲಿ ಹೋಗಿ ಅಂದರೆ ಪಂಪಿನ ಸಾಮಾನು, ಬಳ್ಳಿಗೆ ಹೊಡೆಯುವ ಔಷಧದ ಕ್ಯಾನು ಯಾರು ಹೊರುತ್ತಾರೆ ಅನ್ನುತ್ತಿದ್ದರು. ನಾನು ಹಿಂದೆ ಕೂರುತ್ತೇನೆ ಅಂದರೆ ಅಲ್ಲಿ ಟೂಲ್ಸ್ ಪೆಟ್ಟಿಗೆ ಕೂತಿರುತ್ತಿತ್ತು. ಹಾಗಾಗಿ ನನ್ನ ಸ್ಕೂಟರಿನಲ್ಲಿ ಅವರ ಹಿಂದೆ ಹೊರಡುವುದು ಅಂತಾಯಿತು.

ಹಿಂದೆ ಹೋಗುವುದರಿಂದ ಏನು ಪ್ರಯೋಜನ ಅನ್ನುವುದು ಮೊದಲ ಭಾನುವಾರವೇ ಗೊತ್ತಾಯಿತು. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಆ ಪೆಟ್ಟಿಗೆ, ಹೆಲ್ಮೆಟ್ಟಿನ ಹಿಂಭಾಗ. ಬೆನ್ನು ನೋಡಿ ಶುಗರು ಹೇಳಲು ಬರುತ್ತದೆಯೇ? ಬೈಕು ಚೂರು ಎಡಕ್ಕೆ ವಾಲಿದರೂ ನನ್ನ ಹೆಬ್ಬೆರಳು ಹಾರ್ನಿನ ಮೇಲೆ ಹೋಗುತ್ತಿತ್ತು. ಗುಂಡಿ ತಪ್ಪಿಸಲು ವಾಲಿದರೋ, ಕೈ ಜಾರಿತೋ? ಅವರ ಕಡೆಗೇ ನೋಡುತ್ತಾ ನಾನೇ ಎರಡು ಸಲ ಗುಂಡಿಗೆ ಇಳಿಸಿದೆ. ಸೂಲಿಬೆಲೆ ತಲುಪಿದಾಗ ಹ್ಯಾಂಡಲ್ ಹಿಡಿದ ಬೆರಳು ಬಿಡಿಸಲಾಗದಷ್ಟು ಸೆಟೆದಿದ್ದವು.

ಶುಗರು ಇಳಿಯುವಾಗ ಅವರಲ್ಲಿ ಮೊದಲು ಬದಲಾಗುವುದು ಮಾತು. ಇದು ಮನೆಯಲ್ಲಿ ನೋಡಿ ನೋಡಿ ನನಗೆ ಗೊತ್ತಾಗಿತ್ತು. ಹೇಳಿದ್ದನ್ನೇ ಹೇಳುತ್ತಾರೆ, ಸುಮ್ಮಸುಮ್ಮನೆ ರೇಗುತ್ತಾರೆ, ಆಮೇಲೆ ಪದಗಳು ದಪ್ಪವಾಗುತ್ತವೆ. ಬೆವರು, ನಡುಕ ಎಲ್ಲಾ ಅದರ ನಂತರ. ಅಂದರೆ ನನಗೆ ಬೇಕಿದ್ದದ್ದು ಅವರ ದನಿ. ಫೋನಿನ ಇಯರ್‌ಫೋನು ಹೆಲ್ಮೆಟ್ಟಿನೊಳಗೆ ತುರುಕಿ, ಒಬ್ಬರಿಗೊಬ್ಬರು ಕರೆ ಮಾಡಿಕೊಂಡು ಒಂದು ಭಾನುವಾರ ಹೋದೆವು. ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ನಡುವೆ ಯಾರೋ ಮಗ್ಗದವರು ಇವರಿಗೆ ಕರೆ ಮಾಡಿದರು, ನನ್ನ ಲೈನು ಕಟ್ಟಾಯಿತು. ಅವರು ಆ ಮಗ್ಗದವರ ಜೊತೆ ಮಾತಾಡುತ್ತಾ ಆರಾಮವಾಗಿ ಹೋಗುತ್ತಿದ್ದರು, ನಾನು ಹಿಂದೆ ಜೀವ ಕೈಯಲ್ಲಿ ಹಿಡಿದುಕೊಂಡು ಹಾರ್ನ್ ಹೊಡೆಯುತ್ತಾ ಹೋಗುತ್ತಿದ್ದೆ.

ಇಂಟರ್‌ಕಾಮ್ ಅನ್ನುವುದೊಂದು ಇದೆ ಅಂತ ತಿಳಿದದ್ದು ಮಾಕಳಿದುರ್ಗದ ದಾರಿಯ ಹೋಟೆಲೊಂದರಲ್ಲಿ. ಆ ಕಡೆಯ ಹಳ್ಳಿಯಲ್ಲಿ ಇವರಿಗೆ ಕೆಲಸವಿತ್ತು, ನಾನೂ ಹೋಗಿದ್ದೆ. ಬೆಟ್ಟ ಹತ್ತಲು ಬೆಂಗಳೂರಿನಿಂದ ಬಂದ ಬೈಕಿನವರ ಗುಂಪು ಇಡ್ಲಿ ತಿನ್ನುತ್ತಿತ್ತು. ಎಲ್ಲರ ಹೆಲ್ಮೆಟ್ಟಿನ ಎಡಗಡೆ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ. ನಾನು ಎದ್ದು ಹೋಗಿ ಕೇಳಿದೆ. ಅವರಲ್ಲೊಬ್ಬ ಹುಡುಗಿ ಖುಷಿಯಿಂದಲೇ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ತೋರಿಸಿದಳು. ಫೋನಿನ ನೆಟ್‌ವರ್ಕ್ ಬೇಡವಂತೆ, ಒಂದು ಡಬ್ಬಿ ಇನ್ನೊಂದು ಡಬ್ಬಿಯ ಜೊತೆ ನೇರವಾಗಿ ಮಾತಾಡುತ್ತದಂತೆ. ನಾನು ಟೇಬಲ್ಲಿಗೆ ವಾಪಸು ಬಂದಾಗ ಇವರು ಕಾಫಿ ಕುಡಿದು ಮುಗಿಸಿದ್ದರು. "ನಂಗೆ ಮೂಗುದಾರ ಹಾಕ್ಬೇಕು ಅಂತಿದ್ದೀಯ" ಅಂದರು. ನಗುತ್ತಲೇ ಅಂದರು, ಆದರೆ ಕಣ್ಣಿನಲ್ಲಿ ನಗುವಿರಲಿಲ್ಲ.

ಅಲ್ಲಿಂದ ಮೂರ್ನಾಲ್ಕು ವಾರ ನಾನು ಅದೇ ಧ್ಯಾನದಲ್ಲಿದ್ದೆ. ಶಾಲೆಯಲ್ಲಿ ಬಿಡುವು ಸಿಕ್ಕಾಗಲೆಲ್ಲಾ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದೆ. ಎಲ್ಲರೂ ಹಿಮಾಲಯಕ್ಕೆ ಹೋಗುವವರು. ಹತ್ತು ಜನ ಒಟ್ಟಿಗೆ ಮಾತಾಡಬಹುದು, ಹಾಡು ಹಂಚಿಕೊಳ್ಳಬಹುದು, ಮಳೆಯಲ್ಲಿ ನೆನೆದರೂ ಕೆಡುವುದಿಲ್ಲ. ನನಗೆ ಬೇಕಾದ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಕೆಲವು ಡಬ್ಬಿಗಳಲ್ಲಿ ಮಾತಾಡಲು ಗುಂಡಿ ಒತ್ತಬೇಕು. ಕೆಲವು, ಮಾತು ಶುರುವಾದರೆ ತಾವೇ ತೆರೆದುಕೊಂಡು, ಮಾತು ನಿಂತರೆ ಮುಚ್ಚಿಕೊಳ್ಳುತ್ತವೆ. ಇವೆರಡೂ ನನಗೆ ಭಯ ಹುಟ್ಟಿಸಿದವು. ತಲೆ ಮಂಕಾದ ಮನುಷ್ಯ ಗುಂಡಿ ಎಲ್ಲಿ ಹುಡುಕುತ್ತಾನೆ? ಮಾತು ನಿಂತಾಗ ಡಬ್ಬಿಯೂ ಮುಚ್ಚಿಕೊಂಡರೆ, ಅವರು ಸುಮ್ಮನಿದ್ದಾರೋ ಪ್ರಜ್ಞೆ ತಪ್ಪುತ್ತಿದೆಯೋ ನನಗೆ ಹೇಗೆ ತಿಳಿಯಬೇಕು?

ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಬೆಂಗಳೂರಿನ ಅಂಗಡಿಗೆ ಹೋದೆವು. ಬಸ್ಸಿನಲ್ಲೇ ಇವರು ಒಂದು ಮಾತು ತೆಗೆದುಕೊಂಡಿದ್ದರು. ಅಂಗಡಿಯವನ ಮುಂದೆ ಶುಗರಿನ ವಿಷಯ ಎತ್ತಕೂಡದು. ಸರಿ ಅಂದಿದ್ದೆ.

ಅಂಗಡಿಯ ಮಾಲೀಕ ನಮ್ಮಿಬ್ಬರನ್ನೂ, ನನ್ನ ಸೀರೆಯನ್ನೂ, ಇವರ ಹಳೆಯ ಹೆಲ್ಮೆಟ್ಟನ್ನೂ ನೋಡಿ, ಮಗನಿಗಾ ಮೇಡಂ ಅಂದ. ನಮಗೇ ಅಂದೆ. ಆಮೇಲೆ ಬಹಳ ತಾಳ್ಮೆಯಿಂದಲೇ ಒಂದೊಂದನ್ನೂ ತೆಗೆದಿಟ್ಟ. ಹಾಡು ಎಷ್ಟು ಚೆನ್ನಾಗಿ ಕೇಳುತ್ತದೆ ಅಂತ ಹೇಳಿದ. ನಾನು ಗಾಳಿಯ ಸದ್ದಿನ ಬಗ್ಗೆ ಕೇಳಿದೆ. ನಡುವೆ ಲಾರಿ ಬಂದರೆ ದನಿ ಕಟ್ಟಾಗುತ್ತದೆಯೇ ಅಂತ ಕೇಳಿದೆ. ದೊಡ್ಡ ಗಾಡಿ ಅಡ್ಡ ಬಂದರೆ ಚೂರು ಕರಕರ ಅನ್ನಬಹುದು, ಆಮೇಲೆ ತಾನೇ ಕೂಡಿಕೊಳ್ಳುತ್ತದೆ ಅಂದ. ಎಷ್ಟು ಹೊತ್ತಿನಲ್ಲಿ ಕೂಡಿಕೊಳ್ಳುತ್ತದೆ ಅಂದೆ. ಅವನಿಗೆ ಅದು ವಿಚಿತ್ರ ಪ್ರಶ್ನೆ ಅನ್ನಿಸಿತು. ಸ್ಪೀಕರು ಕಿವಿಗೆ ಅಂಟಿದರೆ ಹಿಂದಿನ ಹಾರ್ನ್ ಕೇಳುತ್ತದೆಯೇ ಅಂದೆ. ಸಣ್ಣಗೆ ಇಟ್ಟುಕೊಳ್ಳಿ, ಕೇಳುತ್ತದೆ ಅಂದ.

"ಇವರು ಮಾತಾಡದೆ ಇದ್ದಾಗಲೂ ನನಗೆ ಕೇಳಿಸ್ತಾ ಇರಬೇಕು. ಗುಂಡಿ ಒತ್ತದೆ" ಅಂದೆ.

ಅವನು ನಕ್ಕ. "ಮಾತಾಡದೆ ಇದ್ದಾಗ ಏನ್ ಕೇಳ್ತೀರಾ ಮೇಡಂ? ಬ್ಯಾಟರಿ ಸುಮ್ನೆ ಖರ್ಚಾಗುತ್ತೆ."

ಬಸ್ಸಿನಲ್ಲಿ ಕೊಟ್ಟ ಮಾತು ನೆನಪಾಗಿ ನಾನು ಗಾಜಿನ ಮೇಜನ್ನು ನೋಡುತ್ತಾ ನಿಂತೆ. ಇವರು ಅದುವರೆಗೆ ಗೋಡೆಯ ಮೇಲಿನ ಕೈಗವಸು ಮುಟ್ಟಿ ನೋಡುತ್ತಿದ್ದವರು ನನ್ನ ಪಕ್ಕಕ್ಕೆ ಬಂದರು.

"ನಂಗೆ ಶುಗರಪ್ಪ" ಅಂದರು. "ದಾರೀಲಿ ಇಳ್ದ್ಬಿಡ್ತದೆ. ಇಳ್ದಾಗ ನಂಗೇ ಗೊತ್ತಾಗಲ್ಲ. ಇವ್ಳಿಗೆ ಗೊತ್ತಾಗ್ಬೇಕು, ಅದಕ್ಕೆ."

ಅಷ್ಟು ಹೇಳಿ ಮತ್ತೆ ಕೈಗವಸಿನ ಹತ್ತಿರ ಹೋದರು. ಅಂಗಡಿಯವನು ಮೇಜಿನ ಮೇಲಿದ್ದವುಗಳಲ್ಲಿ ಮುಕ್ಕಾಲು ಪಾಲು ಒಳಗಿಟ್ಟ. ಉಳಿದದ್ದರಲ್ಲಿ ಒಂದು ಜೊತೆಯನ್ನು ಮುಂದೆ ತಳ್ಳಿ, ಇದರಲ್ಲಿ ಲೈನು ಒಂದು ಸಲ ತೆರೆದರೆ ನೀವು ಮುಚ್ಚುವವರೆಗೂ ತೆರೆದೇ ಇರುತ್ತದೆ ಅಂದ. ಮುಖ ತೆರೆದಿರುವ ಹೆಲ್ಮೆಟ್ಟಿಗೆ ಸರಿಹೋಗುವಂತೆ ಕಡ್ಡಿಯ ತುದಿಗಿರುವ ಮೈಕು ಹಾಕಿಕೊಟ್ಟ. ಒಂದನ್ನು ಇವರ ಹೆಲ್ಮೆಟ್ಟಿಗೆ ಸಿಕ್ಕಿಸಿ ಹೊರಗೆ ರಸ್ತೆಗೆ ಕಳಿಸಿ, ಇನ್ನೊಂದಿದ್ದ ಹೆಲ್ಮೆಟ್ಟನ್ನು ನನ್ನ ತಲೆಗಿಟ್ಟ. ಬಸ್ಸಿನ ಹಾರ್ನು, ಆಟೋದ ಪಟಪಟ. ಅದರ ಕೆಳಗೆ, ಬಹಳ ಹತ್ತಿರದಲ್ಲಿ, ಮೂಗಿನಿಂದ ಬರುವ ಸಣ್ಣ ಸಿಳ್ಳೆಯಂಥ ಉಸಿರು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ್ದ ಉಸಿರು. "ಇದೇ ಕೊಡಿ" ಅಂದೆ.

ಡಬ್ಬಿ ಮನೆಗೆ ಬಂದರೆ ಭಯ ಕಮ್ಮಿಯಾಗುತ್ತದೆ ಅಂದುಕೊಂಡಿದ್ದೆ. ಭಯ ಇನ್ನೂ ಹತ್ತಿರಕ್ಕೆ ಬಂತು. ಮುಂಚೆ ಬೆನ್ನು ನೋಡಿ ಹೆದರುತ್ತಿದ್ದವಳು ಈಗ ಪ್ರತಿ ಕೆಮ್ಮಿಗೂ, ಪ್ರತಿ ನಿಟ್ಟುಸಿರಿಗೂ ಹೆದರತೊಡಗಿದೆ. ದಾರಿಯಲ್ಲಿ ಇವರು ತಮಗೆ ತಾವೇ ಮಾತಾಡಿಕೊಳ್ಳುತ್ತಾರೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಅಡ್ಡ ಬಂದ ಕಾರಿನವನಿಗೆ ಬುದ್ಧಿ ಹೇಳುತ್ತಾರೆ, ಯಾವುದೋ ಮಗ್ಗದ ಬೆಲ್ಟಿನ ಲೆಕ್ಕ ಹಾಕುತ್ತಾರೆ, ಹೊಸದಾಗಿ ಎದ್ದ ಗೋಡೌನು ನೋಡಿ "ಇಲ್ಲೊಂದು ಹುಣಸೇಮರ ಇತ್ತಲ್ಲ" ಅನ್ನುತ್ತಾರೆ. ಹಾಗೆ ಮಾತಾಡುತ್ತಿದ್ದರೆ ನನಗೆ ನೆಮ್ಮದಿ. ಮಾತು ನಿಂತರೆ ಒಂದು, ಎರಡು ಅಂತ ಎಣಿಸುತ್ತಿದ್ದೆ. ತಾಳಲಾಗದೆ, ರೀ, ಏನಾದರೂ ಮಾತಾಡಿ ಅನ್ನುತ್ತಿದ್ದೆ.

ಒಂದು ಭಾನುವಾರ ಅವರಿಗೆ ಸಾಕಾಯಿತು. ದೇವನಹಳ್ಳಿ ದಾಟುತ್ತಿದ್ದಂತೆ ಕಿವಿಯಲ್ಲಿ ಟಿಕ್ ಅಂತ ಸದ್ದಾಯಿತು, ಆಮೇಲೆ ಏನೂ ಇಲ್ಲ. ಆಫ್ ಮಾಡಿಬಿಟ್ಟಿದ್ದರು. ತೋಟ ತಲುಪುವವರೆಗೆ ಹಾಗೇ ಹೋದರು. ಅಲ್ಲಿ ನಾನು ಜಗಳ ತೆಗೆದೆ. ಅಕ್ಕ ಹಸುವಿಗೆ ಹುಲ್ಲು ಹಾಕುತ್ತಾ ಎಲ್ಲಾ ಕೇಳಿಸಿಕೊಂಡರು. ಇವರು ಹೇಳಿದ್ದು ಇಷ್ಟೇ: ಒಬ್ಬ ಗಂಡಸಿಗೆ ತನ್ನ ಪಾಡಿಗೆ ಸುಮ್ಮನಿರುವ ಜಾಗ ಅಂತ ಉಳಿದಿದ್ದದ್ದು ಆ ಹೆಲ್ಮೆಟ್ಟಿನ ಒಳಗೆ ಮಾತ್ರ, ಅಲ್ಲಿಗೂ ನೀನು ಬಂದು ಕೂತೆ. ನನಗೆ ಅಳು ಬಂತು. ಅವರ ಮಾತು ನಿಜವಾಗಿತ್ತು, ಆದ್ದರಿಂದಲೇ ಬಂತು. ಸಂಜೆ ಹೊರಡುವಾಗ ಒಂದು ಒಪ್ಪಂದವಾಯಿತು. ಅವರು ಆಫ್ ಮಾಡುವುದಿಲ್ಲ, ನಾನು ಮಾತಾಡಿಸುವುದಿಲ್ಲ.

ಆ ಒಪ್ಪಂದ ಮಾವಿನ ಕಾಯಿ ಮಾರ್ಕೆಟ್ಟಿಗೆ ಬರುವ ಕಾಲದವರೆಗೂ ನಡೆಯಿತು.

ಆವತ್ತು ತೋಟದಲ್ಲಿ ಪಂಪಿನ ಸ್ಟಾರ್ಟರು ಸುಟ್ಟಿತ್ತು. ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚಿಕೊಂಡು ತಟ್ಟೆಯ ಮುಂದೆ ಕೂತವರು, ಕರೆಂಟು ಬಂತು ಅಂತ ಯಾರೋ ಕೂಗಿದ ತಕ್ಷಣ ಅರ್ಧ ಮುದ್ದೆ ಬಿಟ್ಟು ಎದ್ದು ಹೋಗಿದ್ದರು. ನಾನು ಆಗ ಹಿತ್ತಲಿನಲ್ಲಿದ್ದೆ. ಅಕ್ಕ ತಟ್ಟೆ ಎತ್ತಿಟ್ಟಿದ್ದರು, ಆಮೇಲೆ ತಿಂದಿರಬೇಕು ಅಂದುಕೊಂಡರಂತೆ. ನನಗೆ ಯಾವುದೂ ಗೊತ್ತಿಲ್ಲ. ಬಿಸಿಲು ಇಳಿಯುವ ಮುಂಚೆ ಹೊರಟೆವು. ಬೆರಳು ಚುಚ್ಚಿ ನೋಡಿದಿರಾ ಅಂತ ಕೇಳಿದ್ದಕ್ಕೆ, ಹೂಂ ಅಂದರು. ನೋಡಿರಲಿಲ್ಲ.

ಹೆದ್ದಾರಿಗೆ ಬಂದ ಮೇಲೆ ಅವರೇ ಮಾತು ಶುರುಮಾಡಿದರು. ಸ್ಟಾರ್ಟರಿನ ಕಾಯಿಲ್ ಹೇಗೆ ಸುಟ್ಟಿತ್ತು ಅಂತ ಹೇಳಿದರು. ನನಗೆ ಖುಷಿಯಾಯಿತು. ಸ್ವಲ್ಪ ದೂರ ಹೋದ ಮೇಲೆ ಅದನ್ನೇ ಮತ್ತೆ ಹೇಳಿದರು, ಅದೇ ಪದಗಳಲ್ಲಿ. ಆಮೇಲೆ, "ಸೂಲಿಬೆಲೆ ಇನ್ನೂ ಬಂದಿಲ್ವಾ?" ಅಂದರು. ಸೂಲಿಬೆಲೆ ನಮ್ಮ ಬೆನ್ನ ಹಿಂದಿತ್ತು.

"ರೀ, ಗಾಡಿ ಪಕ್ಕಕ್ಕೆ ಹಾಕಿ. ಗ್ಲೂಕೋಸ್ ತಗೊಳ್ಳಿ" ಅಂದೆ.

"ಏನಾಗೈತೆ ನಂಗೆ? ಸುಮ್ನೆ ಬಾ."

ಇನ್ನೊಂದು ಸಲ ಹೇಳಿದೆ, ಸ್ವಲ್ಪ ಗಟ್ಟಿಯಾಗಿ. ಅವರು ರೇಗಿದರು. ಇಷ್ಟು ದಿನ ಸುಮ್ಮನಿದ್ದೆಯಲ್ಲ, ಮತ್ತೆ ಶುರುವಾಯಿತಾ ಅನ್ನುವಂಥ ಮಾತು, ಅರ್ಧ ನಾಲಿಗೆಯಲ್ಲೇ ಉಳಿಯಿತು. ಬೈಕಿನ ವೇಗ ಹೆಚ್ಚಿತು. ನಾನೂ ಹೆಚ್ಚಿಸಿದೆ, ಅಷ್ಟರಲ್ಲಿ ಬಲಗಡೆಯಿಂದ ಒಂದು ಕಂಟೇನರ್ ಲಾರಿ ನುಗ್ಗಿ ನಮ್ಮಿಬ್ಬರ ನಡುವೆ ಸೇರಿಕೊಂಡಿತು. ಅವರ ಬೆನ್ನು ಮಾಯವಾಯಿತು. ಕಿವಿಯಲ್ಲಿ ಕರಕರ. ಆ ಕರಕರದ ನಡುವೆ ಒಂದೊಂದು ತುಂಡು ಉಸಿರು, ಮತ್ತೆ ಕರಕರ. ಲಾರಿಯ ಹಿಂಬದಿಯ ತುಕ್ಕು ಹಿಡಿದ ಸರಪಳಿಯೊಂದೇ ನನ್ನ ಮುಂದೆ ತೂಗಾಡುತ್ತಿತ್ತು. ಆ ಕ್ಷಣದಲ್ಲಿ ನಾನು ಯಾವ ಯಾವ ದೇವರನ್ನು ಕರೆದೆನೋ ನೆನಪಿಲ್ಲ. ಕರೆದದ್ದೆಲ್ಲಾ ಅವರ ಕಿವಿಗೂ ಬಿದ್ದಿರಬಹುದು.

ಲಾರಿ ಬಲಕ್ಕೆ ಸರಿದು ಮುಂದೆ ಹೋಯಿತು. ಅವರು ಇನ್ನೂ ಬೈಕಿನ ಮೇಲಿದ್ದರು, ರಸ್ತೆಯ ಅಂಚಿನ ಬಿಳಿಗೆರೆಯ ಮೇಲೆ ಅತ್ತಿತ್ತ ಆಡುತ್ತಾ. ನಿಲ್ಲಿಸಿ ಅಂದರೆ ಇನ್ನೂ ಜೋರು ಮಾಡುತ್ತಾರೆ. ಅವರ ಬಗ್ಗೆ ಏನು ಹೇಳಿದರೂ ಕೇಳುವ ಸ್ಥಿತಿ ಇಲ್ಲ. ಆಗ ನನ್ನ ಬಾಯಿಂದ ತಾನಾಗಿಯೇ ಬಂತು.

"ರೀ, ನನ್ನ ಗಾಡಿ ಪಂಕ್ಚರ್ ಆಗಿದೆ. ಹಿಂದಿನ ಚಕ್ರ ಅಲ್ಲಾಡ್ತಿದೆ. ನಂಗೆ ಭಯ ಆಗ್ತಿದೆ ರೀ."

ಕಿವಿಯಲ್ಲಿ ಉಸಿರು ನಿಂತಂತಾಯಿತು. "ಬ್ರೇಕ್ ಹೊಡೀಬೇಡ" ಅಂದರು. ಪದಗಳು ಅಂಟಂಟಾಗಿ ಬಂದವು, ಆದರೆ ಬಂದವು. "ಮೆಲ್ಲಗ್ ಬಿಡು. ಪಕ್ಕಕ್ ಬಾ. ಬಂದೆ, ಬಂದೆ ನಾನು."

ಬೈಕು ನಿಧಾನವಾಯಿತು, ಮಣ್ಣಿಗೆ ಇಳಿಯಿತು, ನಿಂತಿತು. ಸ್ಟ್ಯಾಂಡು ಹಾಕಲು ಅವರಿಂದಾಗಲಿಲ್ಲ. ಬೈಕು ಬೇಲಿಗೆ ಒರಗಿಕೊಂಡಿತು. ನಾನು ಸ್ಕೂಟರು ನಿಲ್ಲಿಸಿ ಇಳಿಯುವಷ್ಟರಲ್ಲಿ ಅವರು ತೂರಾಡುತ್ತಾ ನನ್ನ ಕಡೆಗೇ ಬರುತ್ತಿದ್ದರು, ಕೈಯಲ್ಲಿ ಪೆಟ್ಟಿಗೆಯಿಂದ ಎಳೆದುಕೊಂಡ ಸ್ಪ್ಯಾನರು. ನನ್ನ ಹಿಂದಿನ ಚಕ್ರದ ಮುಂದೆ ಮಂಡಿಯೂರಿದರು. ಹಣೆಯಿಂದ ಬೆವರು ಟೈರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಎರಡೂ ಹೆಬ್ಬೆರಳಿನಿಂದ ಟೈರನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಗಾಳಿ ತುಂಬಿದ ಗಟ್ಟಿ ಟೈರು. ಮುಂದಕ್ಕೆ ಉರುಳಿಸಿ, ಮತ್ತೆ ಒತ್ತಿ, ಎಲ್ಲಿ ಮೊಳೆ ಚುಚ್ಚಿದೆ ಅಂತ ಹುಡುಕುತ್ತಿದ್ದರು.

ನಾನು ಪಕ್ಕದಲ್ಲಿ ಕೂತು ಗ್ಲೂಕೋಸ್ ಕಲಸಿದ ನೀರಿನ ಬಾಟಲಿ ಹಿಡಿದೆ. ಮೊದಲು ಇದು ನೋಡ್ತೀನಿ ಅಂತ ತಳ್ಳಿದರು. "ನೀವು ಕುಡಿದ್ರೆ ನಾನೂ ಕುಡೀತೀನಿ, ನಂಗೆ ಕೈಕಾಲು ನಡುಗ್ತಿದೆ" ಅಂದೆ. ಅದು ಸುಳ್ಳಾಗಿರಲಿಲ್ಲ. ಆಗ ಕುಡಿದರು. ಅರ್ಧ ಅಂಗಿಯ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು.

ರಸ್ತೆ ಪಕ್ಕದ ಯಾರದೋ ದ್ರಾಕ್ಷಿ ತೋಟದ ಬೇಲಿಯ ನೆರಳಿನಲ್ಲಿ ಇಬ್ಬರೂ ಕೂತೆವು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಚೀಲದಲ್ಲಿದ್ದ ಬಿಸ್ಕತ್ತು ಒಂದೊಂದಾಗಿ ಕೊಟ್ಟೆ. ಮೆಲ್ಲಗೆ ಮುಖಕ್ಕೆ ಬಣ್ಣ ಬಂತು. ಕಣ್ಣು ಸುತ್ತಲೂ ಓಡಾಡಿ, ಬೇಲಿಗೊರಗಿದ ಬೈಕಿನ ಮೇಲೆ, ಕೈಯಲ್ಲಿದ್ದ ಸ್ಪ್ಯಾನರಿನ ಮೇಲೆ, ಆಮೇಲೆ ನನ್ನ ಸ್ಕೂಟರಿನ ಮೇಲೆ ನಿಂತಿತು.

"ಪಂಕ್ಚರ್ ಎಲ್ಲೂ ಇಲ್ವಲ್ಲ" ಅಂದರು.

ಇರಲಿಲ್ಲ ಅಂದೆ. ನಡೆದದ್ದನ್ನು ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅರ್ಧ ಮುದ್ದೆಯ ವಿಷಯ, ಬೆರಳು ಚುಚ್ಚಿಕೊಳ್ಳದ ವಿಷಯ ಆಗ ಅವರೇ ಹೇಳಿದರು. ಆಮೇಲೆ, "ನಾಳೆ ನಿಜವಾಗ್ಲೂ ಪಂಕ್ಚರ್ ಆಯ್ತು ಅಂದ್ರೆ ನಾನು ಹೆಂಗ್ ನಂಬ್ಲಿ ಕಣೆ?" ಅಂದರು. ರೇಗಿ ಅಂದದ್ದಲ್ಲ, ಗೊತ್ತಾಗದೆ ಕೇಳಿದ್ದು. "ಇನ್ನೊಂದು ಸಲ ಹೇಳಲ್ಲ" ಅಂದೆ. "ಆದರೆ ನಿಲ್ಲಿಸಿ ಅಂದಾಗ ನಿಲ್ಲಿಸಬೇಕು." ಅವರು ಉಳಿದಿದ್ದ ಬಿಸ್ಕತ್ತನ್ನು ಎರಡು ಮಾಡಿ ಅರ್ಧ ನನಗೆ ಕೊಟ್ಟರು.

ಆವತ್ತು ಅವರನ್ನು ಬೈಕು ಮುಟ್ಟಲು ಬಿಡಲಿಲ್ಲ. ಆ ತೋಟದ ಕಾವಲಿನವರ ಮನೆಯ ಹತ್ತಿರ ಅದನ್ನು ನಿಲ್ಲಿಸಿ, ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿಗೆ ಬಂದೆ. ಮಾರನೆಯ ದಿನ ಡಾಕ್ಟರಿಗೆ ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸಿದೆ. ಡಾಕ್ಟರು ಬೈದರು, ಇನ್ಸುಲಿನ್ ಬದಲಾಯಿಸಿದರು, ಮತ್ತೆ ಕೆಲವು ವಾರ ಬೈಕಿಗೆ ಬೀಗ. ಈ ಸಲ ಕೀಲಿಯನ್ನು ಅವರೇ ತಂದು ನನ್ನ ಕೈಗೆ ಕೊಟ್ಟರು. ಆ ಭಾನುವಾರಗಳಲ್ಲಿ ಬಸ್ಸಿಗೆ ಹೋದರು. ಪಂಪಿನ ಸಾಮಾನನ್ನು ಅಕ್ಕನ ಮಗ ಸ್ಟಾಪಿನಿಂದ ಹೊತ್ತುಕೊಂಡು ಹೋದ.

ಮತ್ತೆ ಗಾಡಿ ಹತ್ತಿದ ಮೇಲೆ ಮೂರನೆಯದೋ ನಾಲ್ಕನೆಯದೋ ಭಾನುವಾರ ಇರಬೇಕು. ದೇವನಹಳ್ಳಿ ಹತ್ತಿರವಾಗುತ್ತಿತ್ತು. ವಿಮಾನವೊಂದು ತಲೆಯ ಮೇಲೆ ತೀರಾ ಕೆಳಗೆ ಹಾದುಹೋಯಿತು, ಅದರ ಸದ್ದಿನಲ್ಲಿ ಕಿವಿಯೊಳಗಿನದೆಲ್ಲಾ ಮುಳುಗಿತು. ಸದ್ದು ಕಳೆದ ಮೇಲೆ ಅವರ ದನಿ ಕೇಳಿಸಿತು.

"ನಿಲ್ಲಿಸ್ತಾ ಇದ್ದೀನಿ. ಯಾಕೋ ಒಂಥರಾ ಅನ್ನಿಸ್ತೈತೆ."

ನಾನು ನಿಲ್ಲಿಸಿ ಅಂತ ಹೇಳಿರಲಿಲ್ಲ. ಎಡಗಡೆಯ ಇಂಡಿಕೇಟರ್ ಮಿನುಗಿತು. ಬೈಕು ನೆಟ್ಟಗೆ ನಿಂತಿತು, ಸ್ಟ್ಯಾಂಡು ಬಿತ್ತು. ಅವರು ಪೆಟ್ಟಿಗೆಯ ಮೇಲಿನ ಚೀಲದಿಂದ ಮೀಟರು ತೆಗೆದು ಬೆರಳು ಚುಚ್ಚಿಕೊಂಡರು. ಇಬ್ಬರೂ ಬಗ್ಗಿ ನೋಡಿದೆವು. ಇಳಿದಿತ್ತು, ಆದರೆ ಹೆಚ್ಚಲ್ಲ. ಗ್ಲೂಕೋಸ್ ತೆಗೆದುಕೊಂಡು, ಮೇಲೆ ಎರಡು ಬಾಳೆಹಣ್ಣು ತಿಂದು, ಮೈಲಿಗಲ್ಲಿನ ಮೇಲೆ ಕೂತರು. ನಾನು ಸ್ಕೂಟರಿಗೆ ಒರಗಿ ನಿಂತೆ. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಅದು ಈಗಲೂ ಪ್ರತಿ ಭಾನುವಾರ ಹೊಡೆದುಕೊಳ್ಳುತ್ತದೆ, ನಿಂತುಹೋಗಿದೆ ಅಂದರೆ ಸುಳ್ಳಾಗುತ್ತದೆ. ಅವರು ಆತುರಪಡಲಿಲ್ಲ. ಬಹಳ ಹೊತ್ತಿನ ಮೇಲೆ ಮತ್ತೊಂದು ಬೆರಳು ಚುಚ್ಚಿ ನೋಡಿಕೊಂಡು, ಮೀಟರನ್ನು ನನಗೂ ತೋರಿಸಿ, ಹೊರಡೋಣವಾ ಅಂತ ಕೇಳಿದರು.